ವಿದ್ಯೆಯ ವೆಚ್ಚವೂ ವರಮಾನ ತೆರಿಗೆಯೂ

ನಮ್ಮ ದೇಶದಲ್ಲಿ ಆಧುನಿಕ ವಿಶ್ವವಿದ್ಯಾನಿಲಯವೂ ವರಮಾನ ತೆರಿಗೆಯೂ ಹೆಚ್ಚುಕಡಮೆ ಒಂದೇ ಕಾಲದಲ್ಲಿ ಕಣ್ದೆರೆದುವು. ಕಲ್ಕತ್ತ, ಮುಂಬಯಿ, ಮದರಾಸುಗಳ ವಿಶ್ವವಿದ್ಯಾನಿಲಯಗಳು ಶಾಸನಬದ್ಧವಾಗಿ ಸ್ಥಾಪಿತವಾದುದು 1857ರಲ್ಲಿ; ಅದೇ ವರ್ಷ ಎದ್ದ ದಂಗೆಯನ್ನು ಅಡಗಿಸುವ ಕಾರ್ಯದಲ್ಲಿ ಬರಿದಾದ ಬೊಕ್ಕಸವನ್ನು ಮತ್ತೆ ತುಂಬಿಸುವ ಹೊಣೆಯನ್ನು ಹೊತ್ತು ಇಂಗ್ಲೆಂಡಿನಿಂದ ಬಂದ ಜೇಮ್ಸ್ ವಿಲ್ಸನ್ನರು ಕಲ್ಕತ್ತದಲ್ಲಿ ತಮ್ಮ ಆಯವ್ಯಯ ಪತ್ರವನ್ನು ಮಂಡಿಸಿ ವರಮಾನ ತೆರಿಗೆಯ ಪ್ರಸ್ತಾವವನ್ನು ಮುಂದಿಟ್ಟುದು 1860ರ ಫೆಬ್ರವರಿ 18ರಂದು. ವರ್ಷಕ್ಕೆ 200 ರೂಪಾಯಿಯಷ್ಟು ಹುಟ್ಟುವಳಿ ಇಲ್ಲದವರನ್ನು ಬಿಟ್ಟು ಉಳಿದವರೆಲ್ಲರೂ ಆ ತೆರಿಗೆಯ ವ್ಯಾಪ್ತಿಗೆ ಬಂದರು. ವಿಲ್ಸನ್ನರು ಅದೇ ವರ್ಷದ ಆಗಸ್ಟ್ ತಿಂಗಳಿನಲ್ಲಿ ಕಲ್ಕತ್ತದಲ್ಲಿಯೇ ತೀರಿಕೊಂಡರು. ಆದರೆ ಅವರು ನೆಟ್ಟ ಗಿಡ ನಡುವೆ ಒಂದೆರಡು ಬಾರಿ ಕಡಿಸಿಕೊಂಡರೂ 1886ರ ಕಾಯಿದೆಯಿಂದ ಬೇರೂರಿ ನಿಂತಿತು. ವಿಶ್ವವಿದ್ಯಾನಿಲಯದಿಂದ ಪದವಿ ಪಡೆದು ಹೊರಬಂದ ವಕೀಲ, ವೈದ್ಯ, ಉಪಾಧ್ಯಾಯ, ಗುಮಾಸ್ತೆ, ಇವರೇ ಮುಂದೆ ಆ ತೆರಿಗೆಯನ್ನು ತೆರುವವರ ಸಾಲಿನಲ್ಲಿ ಮುಂಚೂಣಿಯವರಾದರೆಂಬುದನ್ನು ನೆನೆದರೆ, ಈ ಎರಡು ಸಂಸ್ಥೆಗಳ ನಡುವೆ ತಾಯಿಮಕ್ಕಳ ಸಂಬಂಧವೇ ಇದ್ದಿತೆನ್ನಬಹುದು. ಹೀಗಿದ್ದರೂ, ತೆರಿಗೆ ತೆರುವವನನ್ನು ತೆರಿಗೆ ತೆರುವಂತಹ ಸ್ಥಿತಿಗೆ ತಂದುದು ಕಾಲೇಜಿನ ವಿದ್ಯೆಯೇ, ಆ ವಿದ್ಯೆಗೂ ಯಾರೋ ಒಬ್ಬರು ಹಣ ತೆತ್ತಿದ್ದಾರೆ ಎಂಬ ಸರಳವಾದ ಸಂಗತಿಯನ್ನು ತೆರಿಗೆಯ ಶಾಸನವು ಗಮನಿಸುವುದಕ್ಕೆ ಒಂದು ಶತಮಾನಕ್ಕೂ ಮಿಕ್ಕ ಕಾಲ ಹಿಡಿಯಿತು.

ಆ ಮೌನಕ್ಕೆ ಹಿನ್ನೆಲೆಯಾಗಿ ಒಂದು ತತ್ತ್ವವಿತ್ತು. ವರಮಾನವನ್ನು ಗಳಿಸುವುದಕ್ಕಾಗಿ ಮಾಡಿದ ವೆಚ್ಚವನ್ನು ಕಳೆಯಬೇಕು, ಸಂಸಾರಕ್ಕಾಗಿ ಮಾಡಿದ ವೆಚ್ಚವನ್ನು ಕಳೆಯಲಾಗದು ಎಂಬುದು ಆ ತತ್ತ್ವ. ವರ್ತಕನ ಅಂಗಡಿಯ ಬಾಡಿಗೆ ಮೊದಲನೆಯ ಜಾತಿಗೆ ಸೇರಿದುದು, ಅವನ ಮಗನ ಕಾಲೇಜಿನ ಶುಲ್ಕ ಎರಡನೆಯ ಜಾತಿಗೆ. ಯಂತ್ರ ಸವೆದರೆ ಆ ಸವಕಳಿಯನ್ನು ಲಾಭದಿಂದ ಕಳೆದುಕೊಳ್ಳುವ ಅಧಿಕಾರ ಕಾರಖಾನೆಯವನಿಗೆ ಉಂಟು. ಆದರೆ ಐದಾರು ವರ್ಷ ಶ್ರಮಪಟ್ಟು, ಸಾವಿರಾರು ರೂಪಾಯಿಗಳನ್ನು ವ್ಯಯಿಸಿ ವೈದ್ಯನಾದವನಿಗೆ ತನ್ನ ಓದಿನ ಖರ್ಚನ್ನು ತನ್ನ ವೃತ್ತಿಯ ವರಮಾನದಿಂದ ಕಳೆಯುವ ಅಧಿಕಾರವಿಲ್ಲ, ಏಕೆಂದರೆ ಆ ಖರ್ಚು ನಡೆದಾಗ ಅವನ ವೃತ್ತಿ ಇನ್ನೂ ಪ್ರಾರಂಭವೇ ಆಗಿರಲಿಲ್ಲ. ಬಹುಕಾಲದ ಶಿಕ್ಷಣದಿಂದ ಕುಶಲನಾದ ಮನುಷ್ಯನನ್ನು ದುಬಾರಿಯಾದ ಯಂತ್ರಕ್ಕೆ ಹೋಲಿಸಿ, ಅವನಿಗಾಗಿ ಮಾಡಿದ ವೆಚ್ಚವೆಲ್ಲವೂ ಅವನ ಸಂಬಳದಿಂದ ಮರಳಿ ಬರಬೇಕಷ್ಟೆ ಎಂದು ಆಡಂ ಸ್ಮಿತ್ ವಾದಿಸಿದುದು 1776ರಷ್ಟು ಹಿಂದೆ. ಶಾಸನಕರ್ತರು ಆ ಗ್ರಂಥವನ್ನು ಅರಿಯದವರಲ್ಲ, ಆದರೆ ಆ ಹೋಲಿಕೆಯನ್ನು ಕಾಯಿದೆಯೊಳಕ್ಕೆ ತರುವ ಮನಸ್ಸು ಅವರಿಗೆ ಆಗಲಿಲ್ಲ. 1886ರ ಕಾಯಿದೆ ಜೀವವಿಮೆಯ ಕಂತಿಗೆ, ವರಮಾನದ ಆರನೆಯ ಒಂದು ಭಾಗದ ಮಿತಿಯಲ್ಲಿ, ವಿನಾಯಿತಿಯನ್ನು ಕೊಟ್ಟಿತು. ಧರ್ಮಕಾರ್ಯಕ್ಕೆ ಮೀಸಲಾದ ವರಮಾನವನ್ನು ತೆರಿಗೆಯಿಂದ ಬಿಟ್ಟಿತು. ಗೃಹಸ್ಥನು ಸತ್ತ ಬಳಿಕ ಸಂಸಾರದ ಗತಿಯೇನೆಂದು ಚಿಂತಿಸಿದ ಕಾಯಿದೆಗೆ, ಅವನು ಬದುಕಿದ್ದಾಗಲೇ ಮಗನನ್ನು ಓದಿಸಲು ಪಡುವ ಪಾಡು ಕಾಣಲಿಲ್ಲ.

ಆದರೆ ಆ ಕಾಲದಲ್ಲಿ ಆ ಪಾಡನ್ನು ಹಂಚಿಕೊಳ್ಳುವವರು ಬೇರೆಯವರಿದ್ದರು. ಹಳೆಯ ಮೈಸೂರಿನಲ್ಲಿ, ಧಾರವಾಡದಲ್ಲಿ, ಕಾಲೇಜು ಓದಿದವರ ಆತ್ಮಕಥನಗಳಲ್ಲಿ ವಾರಾನ್ನದ ಪ್ರಸ್ತಾಪವಿಲ್ಲದವು ವಿರಳ. ವಾರದ ಏಳು ದಿನಗಳಿಗೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು, ಸೋಮವಾರದ ಮನೆಯಲ್ಲಿ ಸೋಮವಾರ, ಮಂಗಳವಾರದ ಮನೆಯಲ್ಲಿ ಮಂಗಳವಾರ ಉಂಡು, ಬೀದಿಯ ದೀಪದಡಿಯಲ್ಲಿ ಓದಿ ಪರೀಕ್ಷೆ ಮುಗಿಸಿದ ಹುಡುಗನ ವಿದ್ಯಾವೆಚ್ಚದ ಬಹುಭಾಗವನ್ನು ಏಳು ಮನೆಗಳ ಗೃಹಿಣಿಯರು ಹೊತ್ತಿದ್ದರೆಂಬುದು ಅಕ್ಷರಶಃ ಸತ್ಯ. ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ಕೊಡಗಿನ ಮೂಲದ ಅಧಿಕಾರಿಯೊಬ್ಬರ ಮಕ್ಕಳಿಗೆ ಪಾಠ ಹೇಳಿ ತಮ್ಮ ಓದನ್ನು ನಡೆಸಿದರು. ಬಳಿಕ ಪುಣೆಯಲ್ಲಿ ಎಂಜಿನಿಯರಿಂಗ್ ಓದಿದುದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ. ವಾರಾನ್ನವನ್ನು ಇಂದು ಕೆಲವರು ಸ್ವರ್ಣಯುಗದ ಸಂಪ್ರದಾಯವೆಂಬಂತೆ ವರ್ಣಿಸುವುದುಂಟು. ಅದರ ಬಾಗಿಲು ಎಲ್ಲ ಜಾತಿಯ ಹುಡುಗರಿಗೂ ತೆರೆದಿರಲಿಲ್ಲವೆಂಬುದನ್ನು, ಹುಡುಗಿಯರಿಗಂತೂ ತೆರೆಯುವ ಪ್ರಶ್ನೆಯೇ ಇರಲಿಲ್ಲವೆಂಬುದನ್ನು ಮರೆತರೆ ಇತಿಹಾಸಕ್ಕೆ ಅಪಚಾರವಾಗುತ್ತದೆ. ಆ ಬಾಗಿಲು ತೆರೆಯದವರಿಗಾಗಿಯೇ ಗುಬ್ಬಿ ತೋಟದಪ್ಪನವರ ಧರ್ಮಸಂಸ್ಥೆ ಬೆಂಗಳೂರಿನಲ್ಲಿ ವಿದ್ಯಾರ್ಥಿನಿಲಯವನ್ನು ನಡೆಸಿತು. 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿತು. ಧಾರವಾಡದ ಮುರುಘಾಮಠ ಉಚಿತ ಪ್ರಸಾದನಿಲಯವನ್ನು ತೆರೆಯಿತು. ಉದ್ದಾನ ಶಿವಯೋಗಿಗಳು ವಿದ್ಯಾರ್ಥಿಗಳಿಗಾಗಿ ಸಿದ್ಧಗಂಗೆಯ ಮಠದಲ್ಲಿ ಉರಿಸಿದ ದಾಸೋಹದ ಒಲೆ ಇಂದಿಗೂ ಆರಿಲ್ಲ. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯದ ಮಹಾರಾಜಾ ಕಾಲೇಜಿಗೋ ಸೆಂಟ್ರಲ್ ಕಾಲೇಜಿಗೋ ಕಟ್ಟಬೇಕಾದ ಶುಲ್ಕಕ್ಕಿಂತ, ಪಟ್ಟಣದಲ್ಲಿ ಇದ್ದು ಉಣ್ಣುವ ವೆಚ್ಚವೇ ಹಳ್ಳಿಯ ತಂದೆಗೆ ಭಾರವಾಗಿದ್ದ ಕಾಲವದು. ಮೈಸೂರು ಸಂಸ್ಥಾನಕ್ಕೆ 1923ರಲ್ಲಿ ತನ್ನದೇ ಆದ ವರಮಾನ ತೆರಿಗೆಯ ಕಾಯಿದೆ ಬಂದಾಗ, ಮಗನ ಶುಲ್ಕಕ್ಕೆ ರಿಯಾಯಿತಿ ಬೇಕೆಂದು ಕೇಳುವ ಆವಶ್ಯಕತೆ ಹೆಚ್ಚು ಜನಕ್ಕೆ ತೋರದೆ ಹೋದುದು ಸಹಜವೇ. ತೆರಿಗೆ ತೆರುವಷ್ಟು ಉಳ್ಳವರಿಗೆ ಶುಲ್ಕ ಹೊರೆಯಾಗಿರಲಿಲ್ಲ. ಶುಲ್ಕ ಹೊರೆಯಾಗಿದ್ದವರು ತೆರಿಗೆ ತೆರುತ್ತಿರಲಿಲ್ಲ.

ಸ್ವಾತಂತ್ರ್ಯಾನಂತರ, 1950ರ ಏಪ್ರಿಲ್‌ನಿಂದ, ಮೈಸೂರಿಗೂ ಭಾರತದ ಕಾಯಿದೆಯೇ ಅನ್ವಯಿಸಿತು. ಆ ಹೊತ್ತಿಗೆ ಧರ್ಮಸಂಸ್ಥೆಗಳಿಗೆ ಕೊಟ್ಟ ದಾನಕ್ಕೆ ತೆರಿಗೆಯಲ್ಲಿ ರಿಯಾಯಿತಿ ಸಲ್ಲತೊಡಗಿತ್ತು. ಇದರ ಫಲವೇನೆಂದರೆ, ಕಾಲೇಜಿನ ಕಟ್ಟಡಕ್ಕೆ ಸಾವಿರ ರೂಪಾಯಿ ಕೊಟ್ಟ ಧನಿಕನಿಗೆ ರಿಯಾಯಿತಿ, ಅದೇ ಕಾಲೇಜಿನಲ್ಲಿ ಮಗಳ ಶುಲ್ಕಕ್ಕಾಗಿ ಸಾವಿರ ರೂಪಾಯಿ ಕೊಟ್ಟ ಉಪಾಧ್ಯಾಯನಿಗೆ ಇಲ್ಲ. ದಾನವನ್ನು ಪ್ರೋತ್ಸಾಹಿಸಬಾರದೆಂದು ನನ್ನ ಅಭಿಪ್ರಾಯವಲ್ಲ. ಆದರೆ ಉಪಾಧ್ಯಾಯನ ತ್ಯಾಗವೂ ದೇಶದ ವಿದ್ಯೆಗೆ ಸಂದ ಕಾಣಿಕೆಯೇ ಎಂಬುದನ್ನು ಕಾಯಿದೆ ಕಾಣಬೇಕಿತ್ತು. 1961ರ ವರಮಾನ ತೆರಿಗೆ ಕಾಯಿದೆ ವಿದ್ಯಾರ್ಥಿವೇತನವನ್ನು ತೆರಿಗೆಯಿಂದ ಬಿಟ್ಟಿತು. ಕಾಲೇಜಿನ ವೆಚ್ಚದ ಕಡೆಗೆ ಅದು ನೇರವಾಗಿ ತಿರುಗಿ ನೋಡಿದುದು 1970ರ ದಶಕದ ನಡುವಿನಲ್ಲಿ, 80ಎಫ್‌ಎಫ್ ಎಂಬ ಕಲಮಿನ ಮೂಲಕ. ಅಲ್ಪ ವರಮಾನದ ತೆರಿಗೆದಾರನು ತನ್ನ ಆಶ್ರಿತರ ಉಚ್ಚ ಶಿಕ್ಷಣಕ್ಕೆ ಮಾಡಿದ ವೆಚ್ಚದಲ್ಲಿ ಒಂದಂಶವನ್ನು ಕಳೆದುಕೊಳ್ಳಲು ಅದು ಅವಕಾಶ ಕೊಟ್ಟಿತು. ಆ ಕಾಯಿದೆಯ ಇತ್ತೀಚಿನ ಪುಸ್ತಕಗಳಲ್ಲಿ ಆ ಕಲಮಿನ ಸ್ಥಾನದಲ್ಲಿ ರದ್ದಾಯಿತೆಂಬ ಒಂದು ಪಂಕ್ತಿ ಮಾತ್ರ ಉಳಿದಿದೆ. ದಶಕ ಮುಗಿಯುತ್ತಲೇ ಅದನ್ನು ತೆಗೆದುಹಾಕಿದರು. ಅಲ್ಪಾಯುವಾದರೂ ಅದರ ವಿವೇಕವನ್ನು ನಾನು ಗೌರವಿಸುತ್ತೇನೆ. ಹಣ ತೆರುವವನು ಓದುವ ಹುಡುಗನಲ್ಲ, ಅವನ ಹಿಂದೆ ನಿಂತ ಮನೆಯವನು ಎಂಬುದನ್ನು ಅದು ಅರಿತಿತ್ತು; ಸಹಾಯ ಬೇಕಾದುದು ಸಣ್ಣ ಸಂಬಳದವನಿಗೆ ಎಂಬುದನ್ನೂ ಅರಿತಿತ್ತು. ಅದರ ಬಳಿಕ ಬಂದ ನಿಯಮಗಳಲ್ಲಿ ಹೆಚ್ಚಿನವು ಈ ಎರಡು ಅರಿವುಗಳಲ್ಲಿ ಒಂದನ್ನಾದರೂ ಕಳೆದುಕೊಂಡೇ ಬಂದುವು.

ಅಷ್ಟರಲ್ಲಿ ವಿದ್ಯೆಯ ಬೆಲೆಯೇ ಬದಲಾಗಿತ್ತು, ಆ ಬದಲಾವಣೆಯ ರಂಗಭೂಮಿಗಳಲ್ಲಿ ಕರ್ನಾಟಕ ಮುಖ್ಯವಾದುದು. ಬೆಂಗಳೂರಿನಲ್ಲಿ 1946ರಲ್ಲಿ ಬಿ. ಎಂ. ಶ್ರೀನಿವಾಸಯ್ಯನವರು ಖಾಸಗಿ ಎಂಜಿನಿಯರಿಂಗ್ ಕಾಲೇಜನ್ನು ತೆರೆದರು. 1953ರಲ್ಲಿ ಮಣಿಪಾಲದ ಬೋಳುಗುಡ್ಡದ ಮೇಲೆ ಡಾ. ಟಿ. ಎಂ. ಎ. ಪೈಗಳು ಖಾಸಗಿ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿ, ಸರ್ಕಾರದ ಹಣವಿಲ್ಲದೆ ವಿದ್ಯಾರ್ಥಿಗಳ ಹಣದಿಂದಲೇ ಅಂತಹ ಸಂಸ್ಥೆ ನಡೆಯಬಲ್ಲುದೆಂದು ತೋರಿಸಿದರು. ಸರ್ಕಾರ ಕಟ್ಟಲಾರದಿದ್ದ ಕಾಲೇಜುಗಳನ್ನು ಇಂತಹವರು ಕಟ್ಟಿದರೆಂಬ ಋಣವನ್ನು ನಾಡು ಒಪ್ಪಲೇಬೇಕು. ಆದರೆ ಆ ಮಾರ್ಗದಲ್ಲಿ ನಡೆದವರೆಲ್ಲರೂ ಪೈಗಳಾಗಿರಲಿಲ್ಲ. 1970–80ರ ದಶಕಗಳಲ್ಲಿ ಸೀಟಿಗೆ ಇಷ್ಟೆಂದು ಡೊನೇಶನ್ ಕೇಳುವ ರೂಢಿ ಎಷ್ಟು ಬೆಳೆಯಿತೆಂದರೆ, 1984ರಲ್ಲಿ ಕರ್ನಾಟಕದ ಶಾಸನಸಭೆ ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುವ ಕಾಯಿದೆಯನ್ನೇ ಮಾಡಬೇಕಾಯಿತು. ಆ ಕಾಯಿದೆಯ ಅಡಿಯಲ್ಲಿ ಹೊರಡಿಸಿದ ಅಧಿಸೂಚನೆಯೊಂದು ಸರ್ಕಾರಿ ಸೀಟಿನವನಿಗೆ ವರ್ಷಕ್ಕೆ 2,000, ಕರ್ನಾಟಕದ ಇತರ ವಿದ್ಯಾರ್ಥಿಗೆ 25,000, ಹೊರರಾಜ್ಯದವನಿಗೆ 60,000 ರೂಪಾಯಿಗಳನ್ನು ವೈದ್ಯಕೀಯದ ಬೋಧನಾ ಶುಲ್ಕವಾಗಿ ಗೊತ್ತುಮಾಡಲು, ತುಮಕೂರಿನ ಕಾಲೇಜೊಂದರಲ್ಲಿ ಸೀಟು ಬಯಸಿದ್ದ ಉತ್ತರದ ವಿದ್ಯಾರ್ಥಿನಿಯೊಬ್ಬಳು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಳು. ಅದರಿಂದ ಬಂದುದು 1992ರ ಮೋಹಿನಿ ಜೈನ್ ತೀರ್ಪು. ವಿದ್ಯೆ ಮೂಲಭೂತ ಹಕ್ಕು, ಕ್ಯಾಪಿಟೇಶನ್ ಶುಲ್ಕ ಅನ್ಯಾಯ ಎಂದು ನ್ಯಾಯಾಲಯ ಸಾರಿತು. ಮರುವರ್ಷದ ಉನ್ನಿಕೃಷ್ಣನ್ ತೀರ್ಪು ಆ ಹಕ್ಕನ್ನು ಹದಿನಾಲ್ಕು ವಯಸ್ಸಿನ ಮಿತಿಗೆ ಇಳಿಸಿ, ಕಾಲೇಜಿನ ಸೀಟುಗಳನ್ನು ಅರ್ಧ ಫ್ರೀ ಸೀಟು, ಅರ್ಧ ಪೇಮೆಂಟ್ ಸೀಟು ಎಂದು ವಿಂಗಡಿಸಿತು. 1994ರಲ್ಲಿ ನಮ್ಮ ರಾಜ್ಯದಲ್ಲಿ ಸಿಇಟಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆ ಬಂದಿತು. ರ‍್ಯಾಂಕು ಬಂದರೆ ಫ್ರೀ ಸೀಟು, ಬಾರದಿದ್ದರೆ ಪೇಮೆಂಟ್ ಸೀಟು ಎಂಬ ಲೆಕ್ಕ ಅಂದಿನಿಂದ ಕನ್ನಡದ ಮನೆಮನೆಯ ಅಡುಗೆಮನೆಯವರೆಗೂ ಹೊಕ್ಕಿತು.

ಅದೇ 1994ರ ಹಣಕಾಸು ಕಾಯಿದೆಯಿಂದಲೇ, ಮನಮೋಹನ ಸಿಂಗರು ಅರ್ಥಮಂತ್ರಿಗಳಾಗಿದ್ದಾಗ, 80ಇ ಎಂಬ ಕಲಮು ಹುಟ್ಟಿದುದು ನನಗೆ ಗಮನಾರ್ಹವಾಗಿ ತೋರುತ್ತದೆ. ಉಚ್ಚ ಶಿಕ್ಷಣಕ್ಕಾಗಿ ಬ್ಯಾಂಕಿನಿಂದ ಪಡೆದ ಸಾಲವನ್ನು ತೀರಿಸುವಾಗ, ಅಸಲೂ ಬಡ್ಡಿಯೂ ಸೇರಿ ವರ್ಷಕ್ಕೆ 25,000 ರೂಪಾಯಿಯವರೆಗೆ, ಎಂಟು ವರ್ಷಗಳ ಕಾಲ, ವರಮಾನದಿಂದ ಕಳೆಯಬಹುದೆಂದು ಅದು ವಿಧಿಸಿತು. 2000ದ ಹಣಕಾಸು ಕಾಯಿದೆ ಆ ಮಿತಿಯನ್ನು 40,000ಕ್ಕೆ ಏರಿಸಿತು. ಆದರೆ ಉಚ್ಚ ಶಿಕ್ಷಣವೆಂದರೆ ಎಂಜಿನಿಯರಿಂಗ್, ವೈದ್ಯಕೀಯ, ಮ್ಯಾನೇಜ್‌ಮೆಂಟ್, ಇಲ್ಲವೆ ವಿಜ್ಞಾನ ಗಣಿತಗಳ ಸ್ನಾತಕೋತ್ತರ ವ್ಯಾಸಂಗ, ಇಷ್ಟೇ. ಕನ್ನಡ ಎಂ.ಎ., ಇತಿಹಾಸ, ಕಾನೂನು, ಇವಾವುವೂ ಆ ವ್ಯಾಖ್ಯೆಯೊಳಗೆ ಬರಲಿಲ್ಲ. ಇದಕ್ಕಿಂತಲೂ ದೊಡ್ಡ ಕೊರತೆಯೊಂದಿತ್ತು: ಸಾಲ ತೆಗೆದವನು ತನ್ನ ಓದಿಗಾಗಿ ತೆಗೆದಿರಬೇಕು, ತೀರಿಸುವವನೂ ಅವನೇ ಆಗಿರಬೇಕು. ಹದಿನೆಂಟರ ಹುಡುಗನ ಹೆಸರಿನ ಸಾಲಕ್ಕೆ ಶೂರಿಟಿ ನಿಂತು, ಹೆಂಡತಿಯ ಒಡವೆಯನ್ನು ಒತ್ತೆಯಿಟ್ಟು, ಕೊನೆಗೆ ಕಂತನ್ನೂ ತಾನೇ ಕಟ್ಟುವ ತಂದೆ ಆ ಕಲಮಿನ ಕಣ್ಣಿಗೆ ಬೀಳಲಿಲ್ಲ. 80ಎಫ್‌ಎಫ್ ಅರಿತಿದ್ದುದನ್ನು 80ಇ ಅರಿಯಲು 2007ರವರೆಗೆ ಕಾಯಬೇಕಾಯಿತು; ಆ ವರ್ಷ ಗಂಡ, ಹೆಂಡತಿ, ಮಕ್ಕಳ ಓದಿಗಾಗಿ ಮಾಡಿದ ಸಾಲವೂ ಸೇರಿತು. 2009ರಲ್ಲಿ ಪ್ರಣಬ್ ಮುಖರ್ಜಿಯವರು ಎಲ್ಲ ಶಾಸ್ತ್ರಗಳಿಗೂ ಬಾಗಿಲು ತೆರೆದರು. ತಮ್ಮನನ್ನೋ ತಂಗಿಯನ್ನೋ ಓದಿಸಿದ ಅಣ್ಣನ ಹೆಸರು ಇಂದಿಗೂ ಆ ಪಟ್ಟಿಯಲ್ಲಿಲ್ಲ. ಒಬ್ಬ ಅಣ್ಣ ದುಡಿಮೆಗೆ ಬಿದ್ದು ಉಳಿದವರನ್ನು ಓದಿಸಿದ ಕುಟುಂಬಗಳು ಎಷ್ಟೆಂದು ನಮ್ಮ ಯಾವ ಊರಿನಲ್ಲಿ ವಿಚಾರಿಸಿದರೂ ತಿಳಿದೀತು.

ಶುಲ್ಕಕ್ಕೆ ನೇರವಾದ ರಿಯಾಯಿತಿ ಮತ್ತೆ ಬಂದುದು 2003ರಲ್ಲಿ, ಜಸ್ವಂತ್ ಸಿಂಗರ ಆಯವ್ಯಯ ಪತ್ರದಲ್ಲಿ. ಅದರ ಹಿಂದಿನ ವರ್ಷದ ಟಿ. ಎಂ. ಎ. ಪೈ ಪ್ರತಿಷ್ಠಾನದ ಮೊಕದ್ದಮೆಯ ತೀರ್ಪಿನಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಉನ್ನಿಕೃಷ್ಣನ್ ಯೋಜನೆಯನ್ನು ತೊಡೆದುಹಾಕಿ, ಖಾಸಗಿ ಕಾಲೇಜುಗಳಿಗೆ ಶುಲ್ಕ ನಿರ್ಣಯದ ಸ್ವಾತಂತ್ರ್ಯವನ್ನು ಬಹುಮಟ್ಟಿಗೆ ಮರಳಿಸಿತ್ತು. ಜಸ್ವಂತ್ ಸಿಂಗರು ಇಬ್ಬರು ಮಕ್ಕಳವರೆಗೆ, ಒಬ್ಬೊಬ್ಬರಿಗೆ 12,000 ರೂಪಾಯಿಯ ಬೋಧನಾ ಶುಲ್ಕವನ್ನು 88ನೆಯ ಕಲಮಿನ ರಿಬೇಟಿಗೆ ಸೇರಿಸಿದರು. ಡೆವಲಪ್‌ಮೆಂಟ್ ಶುಲ್ಕ, ಡೊನೇಶನ್ ಮುಂತಾದುವು ಲೆಕ್ಕಕ್ಕಿಲ್ಲವೆಂದು ಸ್ಪಷ್ಟವಾಗಿ ಬರೆದರು. ಈ ರಿಬೇಟಿನ ಬಗೆಯನ್ನು ಸ್ವಲ್ಪ ವಿವರವಾಗಿ ನೋಡುವುದು ಯುಕ್ತ, ಏಕೆಂದರೆ ನಮ್ಮ ವಿಷಯದ ಮರ್ಮ ಇಲ್ಲಿಯೇ ಇದೆ. ವರಮಾನದಿಂದ ಕಳೆಯುವುದು ಒಂದು ಕ್ರಮ, ತೆರಿಗೆಯಿಂದಲೇ ಕಳೆಯುವುದು ಇನ್ನೊಂದು. 88ನೆಯ ಕಲಮು ಎರಡನೆಯ ಕ್ರಮದ್ದು. ಒಂದೂವರೆ ಲಕ್ಷದವರೆಗಿನ ವರಮಾನದವನಿಗೆ ನೂರಕ್ಕೆ 20ರಂತೆ, ಅಲ್ಲಿಂದ ಐದು ಲಕ್ಷದವರೆಗಿನವನಿಗೆ ನೂರಕ್ಕೆ 15ರಂತೆ ತೆರಿಗೆಯಲ್ಲಿ ಇಳಿತ, ಐದು ಲಕ್ಷ ಮೀರಿದವನಿಗೆ ಏನೂ ಇಲ್ಲ. ಮಗಳ ಕಾಲೇಜಿಗೆ 12,000 ಕಟ್ಟಿದ ಗುಮಾಸ್ತೆಗೆ 2,400 ರೂಪಾಯಿ ಉಳಿದರೆ, ಮೇಲಧಿಕಾರಿಗೆ 1,800; ಕಂಪನಿಯ ಡೈರೆಕ್ಟರಿಗೆ ಸೊನ್ನೆ. ಇಲ್ಲದವನಿಗೆ ಹೆಚ್ಚು, ಉಳ್ಳವನಿಗೆ ಕಡಮೆ, ಎಂಬ ಈ ಏರ್ಪಾಡು ನಮ್ಮ ತೆರಿಗೆಯ ಇತಿಹಾಸದಲ್ಲಿ ವಿದ್ಯಾವೆಚ್ಚದ ಮಟ್ಟಿಗೆ ಎರಡೇ ವರ್ಷ ಬಾಳಿತು. 2005ರಲ್ಲಿ ಚಿದಂಬರಂ ಅವರು 88ನ್ನು ತೆಗೆದು 80ಸಿಯನ್ನು ತಂದರು. ಭವಿಷ್ಯನಿಧಿ, ಎಲ್‌ಐಸಿ ಕಂತು, ಮನೆಸಾಲದ ಅಸಲು, ಮಕ್ಕಳ ಬೋಧನಾ ಶುಲ್ಕ, ಎಲ್ಲವೂ ಸೇರಿ ಒಂದು ಲಕ್ಷ ರೂಪಾಯಿಯವರೆಗೆ ವರಮಾನದಿಂದಲೇ ಕಡಿತ. ತಲೆಗೆ 12,000ದ ಮಿತಿ ಹೋಯಿತು, ಎಣಿಕೆ ಸುಲಭವಾಯಿತು, ಜನ ಸಂತೋಷಪಟ್ಟರು. ಆದರೆ ಅದೇ 12,000ಕ್ಕೆ, ಸೆಸ್ ಸರ್‌ಚಾರ್ಜುಗಳನ್ನು ಬಿಟ್ಟು ಲೆಕ್ಕ ಹಾಕಿದರೆ, ನೂರಕ್ಕೆ 30ರ ಮೆಟ್ಟಿಲಿನ ಡೈರೆಕ್ಟರಿಗೆ ಈಗ 3,600 ಉಳಿಯಿತು, ನೂರಕ್ಕೆ 10ರ ಮೆಟ್ಟಿಲಿನ ಗುಮಾಸ್ತೆಗೆ 1,200. ಸಕ್ಕರೆಯ ಪಾಕದಲ್ಲಿ ಬಂದ ಈ ವಿಪರ್ಯಾಸವನ್ನು ಅಂದು ಎತ್ತಿ ಆಡಿದವರು ಕಡಮೆ. ಮಿತಿಯು 2014ರಲ್ಲಿ ಒಂದೂವರೆ ಲಕ್ಷವಾಯಿತು, ಅಲ್ಲಿಗೇ ನಿಂತಿತು.

ಈ ಸಂದರ್ಭದಲ್ಲಿ ಅಮೆರಿಕದ ಮಾರ್ಗವನ್ನು ಒಂದು ಮಾತಿನಲ್ಲಿ ಹೇಳಬಹುದು. ಅಲ್ಲಿ 1997ರ ಶಾಸನವು ಕಾಲೇಜಿನ ಶುಲ್ಕಕ್ಕೆ ತೆರಿಗೆಯಿಂದಲೇ ಕಳೆಯುವ ಕ್ರೆಡಿಟ್ಟನ್ನು ತಂದಿತು. 2009ರಲ್ಲಿ ಅದನ್ನು ವಿದ್ಯಾರ್ಥಿಗೆ 2,500 ಡಾಲರಿನವರೆಗೆ ವಿಸ್ತರಿಸಿ, ಅದರಲ್ಲಿ ನೂರಕ್ಕೆ 40ರಷ್ಟನ್ನು, ಎಂದರೆ 1,000 ಡಾಲರಿನವರೆಗೆ, ತೆರಿಗೆಯೇ ಬಾರದ ಬಡವನಿಗೂ ಕೈಗೆ ಹಿಂದಿರುಗಿಸುವಂತೆ ಮಾಡಿದರು. ವರಮಾನ ಏರಿದಂತೆ ಅದು ಕರಗಿ ಇಲ್ಲವಾಗುತ್ತದೆ. ನಮ್ಮಲ್ಲಿ ಅಂತಹ ಯತ್ನ ತೆರಿಗೆಯ ಕಾಯಿದೆಯೊಳಗೆ ನಡೆಯಲಿಲ್ಲ. ಮಂಡ್ಯದ ಕಬ್ಬಿನ ರೈತನೊಬ್ಬನು ಮಗಳ ನರ್ಸಿಂಗ್ ಓದಿಗೆಂದು ಸಾಲ ಮಾಡಿದನೆನ್ನಿ: ವ್ಯವಸಾಯದ ವರಮಾನಕ್ಕೆ ಕೇಂದ್ರದ ತೆರಿಗೆ ಇಲ್ಲವಾದುದರಿಂದ ಕಳೆಯುವುದಕ್ಕೂ ಅವನಿಗೆ ಏನೂ ಇಲ್ಲ. ಅವನಂತಹವರಿಗಾಗಿ ಬಂದುದು 2009ರ ಬಡ್ಡಿ ಸಹಾಯಧನ. ವರ್ಷಕ್ಕೆ ನಾಲ್ಕೂವರೆ ಲಕ್ಷಕ್ಕೆ ಒಳಗಿನ ವರಮಾನದ ಮನೆಯ ವಿದ್ಯಾರ್ಥಿಗೆ ಕಂತು ಆರಂಭವಾಗುವವರೆಗಿನ ಬಡ್ಡಿಯನ್ನು ಕೇಂದ್ರವೇ ಹೊರುವ ಯೋಜನೆ ಅದು.

80ಇ ಕಲಮಿನಲ್ಲಿ 2005ರಲ್ಲಿ ಆದ ಇನ್ನೊಂದು ಮಾರ್ಪಾಡು ವಿದ್ಯೆಯ ಅರ್ಥವ್ಯವಸ್ಥೆಯ ದಿಕ್ಕನ್ನೇ ಸೂಚಿಸುತ್ತದೆ. ಅಸಲಿಗೆ ಕಡಿತವಿಲ್ಲ, ಬಡ್ಡಿಗೆ ಮಾತ್ರ. ಆದರೆ ಆ ಬಡ್ಡಿಗೆ ಗರಿಷ್ಠ ಮಿತಿ ಇಲ್ಲ. ಅದಕ್ಕೆ ನಾಲ್ಕು ವರ್ಷ ಹಿಂದೆ, 2001ರಲ್ಲಿ, ಬ್ಯಾಂಕುಗಳ ಸಂಘವು ರೂಪಿಸಿದ ಮಾದರಿ ಯೋಜನೆಯಂತೆ ದೇಶದೊಳಗಿನ ಓದಿಗೆ ಏಳೂವರೆ ಲಕ್ಷ, ವಿದೇಶದ ಓದಿಗೆ ಹದಿನೈದು ಲಕ್ಷದವರೆಗೆ ಸಾಲ ದೊರೆಯತೊಡಗಿತ್ತು. ನಾಲ್ಕು ಲಕ್ಷದವರೆಗೆ ಆಧಾರವೂ ಬೇಕಿರಲಿಲ್ಲ. ಮಂಗಳೂರು ಉಡುಪಿಗಳ ಸಣ್ಣ ಪೇಟೆಗಳಲ್ಲಿ ಕಳೆದ ಶತಮಾನದ ಆದಿಯಲ್ಲಿ ಹುಟ್ಟಿದ ಕೆನರಾ, ಕಾರ್ಪೊರೇಶನ್, ಸಿಂಡಿಕೇಟ್ ಬ್ಯಾಂಕುಗಳ ಶಾಖೆಗಳಲ್ಲಿ ಮೇ ಜೂನ್ ತಿಂಗಳು ಬಂದಿತೆಂದರೆ ಅಡ್ಮಿಷನ್ ಪತ್ರ, ಅಂಕಪಟ್ಟಿ, ಶುಲ್ಕದ ವಿವರ ಹಿಡಿದ ತಂದೆಮಕ್ಕಳು ಮ್ಯಾನೇಜರರ ಮುಂದೆ ಕುಳಿತಿರುವುದು ಪರಿಚಿತ ದೃಶ್ಯವಾಯಿತು. ಕೂಡಿಟ್ಟ ಹಣದಿಂದ ಶುಲ್ಕ ಕಟ್ಟಿದವನಿಗೆ 80ಸಿಯ ಇಕ್ಕಟ್ಟಿನಲ್ಲಿ ಭವಿಷ್ಯನಿಧಿಯೊಡನೆ ನೂಕಾಡಿ ಸ್ಥಳ ಸಿಗಬೇಕು. ಸಾಲ ಮಾಡಿದವನ ಬಡ್ಡಿಗೆ 80ಇಯಲ್ಲಿ ವಿಶಾಲವಾದ ಪ್ರತ್ಯೇಕ ಕೊಠಡಿ. ಅದೂ ಬ್ಯಾಂಕಿನಿಂದಲೋ ಅಂಗೀಕೃತ ಸಂಸ್ಥೆಯಿಂದಲೋ ಪಡೆದ ಸಾಲಕ್ಕೆ ಮಾತ್ರ. ಸೋದರಮಾವ ಕೊಟ್ಟ ಕೈಗಡಕ್ಕೆ ಅಲ್ಲಿ ಎಡೆಯಿಲ್ಲ. ಹಿಂದೆ ಏಳು ಮನೆಗಳೂ ಮಠವೂ ಹೊತ್ತ ಭಾರವನ್ನು ಈಗ ಒಬ್ಬ ಯುವಕನು ತನ್ನ ಮುಂದಿನ ಸಂಬಳದ ಮೇಲೆ ಹೊರಬೇಕು, ರಾಜ್ಯವು ಆ ಭಾರದ ಬಡ್ಡಿಯಲ್ಲಿ ಒಂದಂಶವನ್ನು ಮನ್ನಿಸೀತು: ಕಾಲೇಜು ಓದಿನ ಹಣದ ಚರಿತ್ರೆ ಈ ತಿರುವನ್ನು ತೆಗೆದುಕೊಂಡುದು ಯಾವ ಶಾಸನಸಭೆಯ ದೊಡ್ಡ ಚರ್ಚೆಯಿಂದಲೂ ಅಲ್ಲ, ಹಣಕಾಸು ಮಸೂದೆಯ ಸಣ್ಣಸಣ್ಣ ವಾಕ್ಯಗಳಿಂದ. ಸಂಬಳದವರ ಮಕ್ಕಳಿಗೆ ತಿಂಗಳಿಗೆ 100 ರೂಪಾಯಿ ವಿದ್ಯಾಭತ್ಯೆ, ಹಾಸ್ಟೆಲಿಗೆ 300 ರೂಪಾಯಿ ತೆರಿಗೆಯಿಲ್ಲದೆ ಸಲ್ಲಬಹುದೆಂಬ ನಿಯಮದ ಅಂಕಿಗಳು ಕಾಲು ಶತಮಾನದಷ್ಟು ಕಾಲ ಅಲುಗದೆ ನಿಂತುದನ್ನೂ ಇದರ ಜೊತೆಗೆ ನೆನೆಯಬೇಕು.

2020ರಿಂದ ಕಥೆ ಬೇರೊಂದು ಘಟ್ಟಕ್ಕೆ ಬಂದಿದೆ. ಆ ವರ್ಷದ ಹಣಕಾಸು ಕಾಯಿದೆ ಕಡಮೆ ದರದ ಹೊಸ ಪದ್ಧತಿಯನ್ನು ತಂದಿತು. ಅದನ್ನು ಆರಿಸಿಕೊಂಡವನಿಗೆ 80ಸಿಯೂ ಇಲ್ಲ, 80ಇಯೂ ಇಲ್ಲ. 2023ರಿಂದ ಆ ಹೊಸ ಪದ್ಧತಿಯೇ ಸಹಜವಾದುದೆಂದೂ, ಹಳೆಯದು ಬೇಕಾದವರು ಕೇಳಿ ಪಡೆಯಬೇಕೆಂದೂ ಆಯಿತು. ಪ್ರತಿ ವರ್ಷ ಜನವರಿ ಫೆಬ್ರವರಿಗಳಲ್ಲಿ ಕಚೇರಿಯ ಲೆಕ್ಕಶಾಖೆಗೆ ಕಾಲೇಜಿನ ಫೀಸು ರಸೀದಿ, ಬ್ಯಾಂಕಿನ ಬಡ್ಡಿ ಪ್ರಮಾಣಪತ್ರಗಳ ನಕಲನ್ನು ಸಲ್ಲಿಸುತ್ತಿದ್ದ ನೌಕರರಲ್ಲಿ ಅನೇಕರು ಆ ಕೆಲಸವನ್ನೇ ಬಿಟ್ಟಿದ್ದಾರೆ. ಲೆಕ್ಕ ಸರಳವಾಯಿತೆಂಬುದು ನಿಜ, ಹಲವರಿಗೆ ತೆರಿಗೆಯೂ ಇಳಿಯಿತು. ಆದರೆ ಮಕ್ಕಳನ್ನು ಓದಿಸುತ್ತಿರುವ ಮನೆಯನ್ನೂ ಓದಿಸದಿರುವ ಮನೆಯನ್ನೂ ಕಾಯಿದೆ ಮತ್ತೆ, ವಿಲ್ಸನ್ನರ ಕಾಲದಲ್ಲಿ ಕಂಡಂತೆ, ಒಂದೇ ಎಂದು ಕಾಣತೊಡಗಿರುವುದು ನನಗೆ ವ್ಯಥೆಯನ್ನುಂಟುಮಾಡುತ್ತದೆ. 1961ರ ಕಾಯಿದೆಯ ಸ್ಥಾನದಲ್ಲಿ 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ಸಂಸತ್ತು 2025ರಲ್ಲಿ ಅಂಗೀಕರಿಸಿದ ಹೊಸ ಕಾಯಿದೆಯಲ್ಲಿ ಕಲಮುಗಳ ಅಂಕಿಗಳು ಬದಲಾಗಿವೆ, ಭಾಷೆ ತಿಳಿಯಾಗಿದೆ, ಹಳೆಯ ಪದ್ಧತಿಯವರಿಗೆ ವಿದ್ಯಾಸಾಲದ ಬಡ್ಡಿಯ ಕಡಿತ ಉಳಿದಿದೆ. ಎಂಟು ವರ್ಷಗಳ ಗಡುವೂ ಹಾಗೆಯೇ ಉಳಿದಿದೆ. ಆ ಗಡುವನ್ನು ಗೊತ್ತುಮಾಡಿದ 1994ರಲ್ಲಿ ವಿದ್ಯಾಸಾಲಗಳು ಇಂದಿನಷ್ಟು ದೊಡ್ಡವಾಗಿರಲಿಲ್ಲ. ಇಂದು ಬ್ಯಾಂಕುಗಳು ಅದೇ ಸಾಲವನ್ನು ತೀರಿಸಲು ಹದಿನೈದು ವರ್ಷಗಳ ಅವಧಿಯನ್ನು ಕೊಡುತ್ತವೆ, ಒಂಬತ್ತನೆಯ ವರ್ಷದಿಂದ ಕಟ್ಟುವ ಬಡ್ಡಿಗೆ ಕಡಿತವಿಲ್ಲ.